ಹನುಮಪ್ಪನ ಮುಂದೆ ಹೇಳಿದ ಚಾಡಿ

2006ನೇ ಇಸವಿಯ ಡಿಸೆಂಬರ್ ತಿಂಗಳು. ನಾನಾಗ ಬ್ಯಾಡಗಿ ಊರ ಅಂಚಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಸಹಶಿಕ್ಷಕಿ. ಕಿರಿಯ ಪ್ರಾಥಮಿಕ ಎಂದರೆ ಒಂದರಿಂದ ಐದನೆಯ ತರಗತಿಯವರೆಗೆ. ಪಾಠ ಮಾಡುವವರು ಹೆಡ್‌ಮಾಸ್ತರರೂ ಸೇರಿ ಮೂರು ಜನ. ಎರಡನೆಯ ತರಗತಿ ನನ್ನ ಪಾಲಿಗೆ ಬಂದಿತ್ತು. ಹಾಜರಿ ಪುಸ್ತಕದಲ್ಲಿ ಮೂವತ್ತೊಂದು ಹೆಸರು. ನನ್ನ ಮನೆ ರಾಣೆಬೆನ್ನೂರಿನಲ್ಲಿ. ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದೆ. ಆ ಹೊತ್ತಿಗೆ ನನ್ನ ಸರ್ವಿಸ್ ಇಪ್ಪತ್ತೆರಡು ವರ್ಷವಾಗಿತ್ತು. ಏಳು ವರ್ಷದ ಮಕ್ಕಳು ಕೇಳುವ ಪ್ರಶ್ನೆಗಳಲ್ಲಿ ನನಗೆ ಉತ್ತರ ಬಾರದ್ದು ಯಾವುದೂ ಇಲ್ಲ ಎಂಬ ಸಣ್ಣ ಜಂಬ ಇತ್ತು.

ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವಳು ಫಕ್ಕೀರವ್ವ. ವಯಸ್ಸು ಐವತ್ತೈದರ ಆಸುಪಾಸು. ಯಾವ ಮಗುವಿಗೆ ಸಾರು ಖಾರವಾಗುತ್ತದೆ, ಯಾವುದು ಬೆಳಿಗ್ಗೆ ಮನೆಯಲ್ಲಿ ಏನೂ ತಿನ್ನದೆ ಬಂದಿದೆ ಎನ್ನುವುದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಕ್ಕಳ ಊಟವಾದ ಮೇಲೆ ಉಳಿದ ಅನ್ನವನ್ನು ಗೇಟಿನ ಹೊರಗೆ ಕೂತಿರುತ್ತಿದ್ದ ಮುದುಕಿಯರಿಗೆ ಬಡಿಸಿ, ಆಮೇಲೆ ತಾನು ಉಣ್ಣುತ್ತಿದ್ದಳು. ಒಂದು ಭಾನುವಾರ ಮನೆಯಲ್ಲಿ ಎದೆ ನೋವೆಂದು ಕೂತವಳು ಮತ್ತೆ ಏಳಲಿಲ್ಲ.

ಸೋಮವಾರ ನಾನು ತರಗತಿಗೆ ಕಾಲಿಟ್ಟಾಗ ಮೂವತ್ತೊಂದು ಮಕ್ಕಳೂ ಸುಮ್ಮನೆ ಕೂತಿದ್ದವು. ನಮ್ಮ ಕಡೆ ಮಕ್ಕಳು ಹೆಣ್ಣು ಶಿಕ್ಷಕರನ್ನು ‘ಅಕ್ಕೋರ’ ಎನ್ನುತ್ತಾರೆ. ಹಾಜರಿ ಮುಗಿಯುವುದರೊಳಗೆ ಪ್ರಶ್ನೆಗಳು ಶುರುವಾದವು.

“ಅಕ್ಕೋರ, ಫಕ್ಕೀರವ್ವಾಯಿ ಎಲ್ಲಿ ಹೋಗ್ಯಾಳ್ರಿ?”

“ದೇವರ ಕಡೆ ಹೋಗ್ಯಾಳ,” ಎಂದೆ.

“ನಮ್ಮಪ್ಪ ಮಣ್ಣಾಗ ಇಟ್ಟು ಬಂದೇವಿ ಅಂದನಲ್ರಿ. ದೇವರು ಮಣ್ಣಾಗ ಇರ್ತಾನೇನ್ರಿ?”

“ಮಣ್ಣಾಗ ಉಸಿರು ಹೆಂಗ ಆಡತಾಳ್ರಿ?”

“ಫಕ್ಕೀರವ್ವಾಯಿ ಹೋಗೂಕಿಂತ ಮೊದ್ಲ ದೇವರಿಗೆ ಅಡಗಿ ಯಾರು ಮಾಡತಿದ್ರು?”

ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಗಣಿತದ ಪಾಠ ಬೇರೆ ಬಾಕಿ ಇತ್ತು. ಮಾತು ಮುಗಿಸಿದರೆ ಸಾಕೆಂದು, ನನ್ನ ತಾಯಿ ನನಗೆ ಹೇಳಿದ್ದ, ಅವಳ ತಾಯಿ ಅವಳಿಗೆ ಹೇಳಿರಬಹುದಾದ ಮಾತನ್ನೇ ಹೇಳಿಬಿಟ್ಟೆ: “ಒಳ್ಳೆಯವರು ಅಂದ್ರ ದೇವರಿಗೆ ಭಾಳ ಪ್ರೀತಿ. ಅದಕ್ಕ ಅವರನ್ನ ಲಗೂನ ಕರಕೊಂತಾನ.”

“ಕೆಟ್ಟವರನ್ನ?”

“ಅವರನ್ನ ಯಾರು ಕರೀತಾರ? ಅವರು ಇಲ್ಲೇ ಇರ್ತಾರ.”

ಮಕ್ಕಳು ನಕ್ಕವು. ನನಗೂ ಹಗುರಾಯಿತು. ಆಗ ಎರಡನೆಯ ಸಾಲಿನಿಂದ ಶಿಲ್ಪಾ ಎದ್ದು ನಿಂತಳು. ಶಾಲೆಯ ಹಿಂದಿನ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಮಲ್ಲೇಶಪ್ಪನ ಒಬ್ಬಳೇ ಮಗಳು. ಹೇಳಿದ್ದನ್ನು ತಿದ್ದಿ ತಿದ್ದಿ ಬರೆಯುವ, ಜಗಳ ಗೊತ್ತಿಲ್ಲದ ಹುಡುಗಿ.

“ಅಕ್ಕೋರ, ಬಡವರಿಗೆ ಹಿಟ್ಟು ಕೊಡೋರು ಒಳ್ಳೇವರೇನ್ರಿ?”

“ಮತ್ತ? ಅವರು ಎಲ್ಲಾರಕಿಂತ ಒಳ್ಳೇವರು.”

ಅವಳು ಕೂತಳು. ನಾನು ಬೋರ್ಡಿನ ಕಡೆ ತಿರುಗಿ ಕೂಡಿಸುವ ಲೆಕ್ಕ ಬರೆದೆ.

ಅದಾದ ಮೂರ್ನಾಲ್ಕು ದಿನಕ್ಕೆ ಶಿಲ್ಪಾಳ ಮೇಲೆ ದೂರುಗಳು ಬರತೊಡಗಿದವು. ಪಕ್ಕದವಳ ಬಳಪ ಮುರಿದಳು. ನೀರಿನ ಸಾಲಿನಲ್ಲಿ ಮುಂದಿನವಳನ್ನು ನೂಕಿದಳು. ಊಟದ ತಟ್ಟೆಗೆ ಮಣ್ಣು ಹಾಕಿದಳು. ಕರೆದು ಬೈದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದಳೇ ಹೊರತು ‘ಇನ್ನ ಮಾಡಂಗಿಲ್ರಿ’ ಎಂದು ಒಂದು ಸಲವೂ ಹೇಳಲಿಲ್ಲ.

ಎರಡನೆಯ ವಾರ ಅವಳ ತಾಯಿ ಗಿರಿಜವ್ವ ಶಾಲೆಗೆ ಬಂದಳು. ತುಂಬು ಬಸುರಿ, ಎಂಟು ತಿಂಗಳು ಕಳೆದಿತ್ತು. ಪಾದಗಳು ಎಷ್ಟು ಬಾತಿದ್ದವೆಂದರೆ ಚಪ್ಪಲಿಯ ಪಟ್ಟಿ ಕೂತಲ್ಲಿ ಗೆರೆ ಬಿದ್ದಿತ್ತು. ಕುರ್ಚಿ ಎಳೆದು ಕೂರಿಸಿದೆ.

“ಏನು ಮಾಡ್ಲಿ ಅಕ್ಕೋರ, ಈ ಹುಡುಗಿ ಹಿಂಗ್ಯಾಕ ಆಗ್ಯಾಳ ಗೊತ್ತಾಗವಲ್ದು. ಗಿರಣಿ ಮುಂದ ಒಬ್ಬಾಕಿ ಅಜ್ಜಿ ಬರ್ತಾಳ್ರಿ, ಪಾಪ, ಯಾರೂ ದಿಕ್ಕಿಲ್ಲ. ದಿನಾ ಒಂದು ಬೊಗಸಿ ಜ್ವಾಳದ ಹಿಟ್ಟು ಹಾಕ್ತೇನಿ. ನಿನ್ನೆ ಇಕಿ ಆ ಅಜ್ಜೀನ್ನ ನೂಕಿ ಬಾಗಲಾ ಹಾಕ್ಯಾಳ್ರಿ. ಹಾಕಿದ ಹಿಟ್ಟು ಕಸಗೊಂಡು ರಸ್ತಾಕ ಚೆಲ್ಯಾಳ. ಬಂದ ಬಂದವರಿಗೆಲ್ಲ ‘ನಮ್ಮವ್ವ ಯಾರಿಗೂ ಏನೂ ಕೊಡಂಗಿಲ್ಲ’ ಅಂತ ಹೇಳಾಕತ್ಯಾಳ.”

ಹಿಂದಿನ ವರ್ಷವಷ್ಟೇ ನಾನು ಸೇವಾನಿರತ ತರಬೇತಿಗೆ ಹೋಗಿಬಂದಿದ್ದೆ. ಅಲ್ಲಿ ಮಕ್ಕಳ ಮನಶ್ಶಾಸ್ತ್ರದ ಮೇಲೆ ಒಂದು ದಿನದ ಉಪನ್ಯಾಸವಿತ್ತು. ‘ಸಿಬ್ಲಿಂಗ್ ರೈವಲ್ರಿ’ ಎಂಬ ಪದವನ್ನು ನಾನು ಬರೆದುಕೊಂಡಿದ್ದೆ. ಒಡಹುಟ್ಟಿದವರ ಮೇಲಿನ ಹೊಟ್ಟೆಕಿಚ್ಚು ಎಂದು ಅದರ ಅರ್ಥ. ಇದು ಅದೇ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

“ಹೊಸ ಕೂಸು ಬರತೈತಲ್ಲ ಗಿರಿಜವ್ವ, ಅದಕ್ಕ ಹಿಂಗ ಮಾಡ್ತಾಳ. ಹತ್ತಿರ ಕುಂದರಿಸಿಕೊಂಡು ಪ್ರೀತಿ ಮಾಡು, ಸರಿ ಹೋಗತಾಳ,” ಎಂದು ಧೈರ್ಯ ಹೇಳಿದೆ.

ಗಿರಿಜವ್ವ ಎದ್ದು ನಿಲ್ಲಲು ಮೇಜನ್ನು ಹಿಡಿದುಕೊಂಡಳು. ಹತ್ತು ಹನ್ನೆರಡು ದಿನದಿಂದ ಬಿ.ಪಿ. ಏರಿದೆಯೆಂದೂ, ಸೋಮವಾರ ಹಾವೇರಿಯ ಆಸ್ಪತ್ರೆಗೆ ಬಂದು ಅಡ್ಮಿಟ್ ಆಗಬೇಕೆಂದು ಡಾಕ್ಟರು ಹೇಳಿದ್ದಾರೆಂದೂ ಹೋಗುವಾಗ ತಿಳಿಸಿದಳು. ಶಿಲ್ಪಾ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಳು ಎನ್ನುವುದು ನನಗೆ ಆಮೇಲೆ ಗೊತ್ತಾಯಿತು.

ಆ ವಾರದ ಶನಿವಾರ. ಶನಿವಾರವೆಂದರೆ ಬೆಳಗಿನ ಶಾಲೆ, ಹನ್ನೊಂದೂವರೆಗೆ ಬಿಡುತ್ತದೆ. ಪ್ರಾರ್ಥನೆ ಮುಗಿಸಿ ಹಾಜರಿ ಕರೆದಾಗ ಶಿಲ್ಪಾ ಇರಲಿಲ್ಲ. ಗೈರುಹಾಜರಿ ಹಾಕಿದೆ. ಒಂಬತ್ತರ ಸುಮಾರಿಗೆ ಮಲ್ಲೇಶಪ್ಪ ಮೈತುಂಬ ಹಿಟ್ಟಿನ ಧೂಳಿನಲ್ಲೇ ಬಂದ. ಮಗಳು ಬೆಳಗಿನ ನಾಷ್ಟಾದ ಬುತ್ತಿ ಮರೆತು ಹೋಗಿದ್ದಾಳೆಂದು ಕೈಯಲ್ಲಿ ಡಬ್ಬಿ ಹಿಡಿದಿದ್ದ.

“ಶಿಲ್ಪಾ ಬಂದಿಲ್ಲಲ್ಲ, ಮಲ್ಲೇಶಪ್ಪ,” ಎಂದೆ.

“ಏಳೂವರಿಗೆ ಮನಿ ಬಿಟ್ಟಾಳ್ರಿ ಅಕ್ಕೋರ!”

ಆ ಕ್ಷಣದಲ್ಲಿ ನನ್ನ ತಲೆಗೆ ಬಂದದ್ದು ಎರಡು: ರೈಲು ಹಳಿ ಮತ್ತು ಕೆರೆ. ಮಲ್ಲೇಶಪ್ಪನಿಗೂ ಅದೇ ಬಂದಿರಬೇಕು. ಡಬ್ಬಿಯನ್ನು ಮೇಜಿನ ಮೇಲಿಟ್ಟು ಅವನು ಬೈಕ್ ತರಲು ಓಡಿದ. ಹೆಡ್‌ಮಾಸ್ತರರು ದೊಡ್ಡ ಹುಡುಗರ ಜೊತೆ ರೈಲ್ವೆ ಸ್ಟೇಷನ್ ಕಡೆ ಓಡಿದರು. ನಾನು ತರಗತಿಗೆ ಹಿಂದಿರುಗಿ, ಶಿಲ್ಪಾಳನ್ನು ಯಾರಾದರೂ ನೋಡಿದಿರಾ ಎಂದು ಕೇಳಿದೆ. ಮಕ್ಕಳು ಇಲ್ಲವೆಂದು ತಲೆಯಾಡಿಸಿದವು. ಅವಳ ಪಕ್ಕದಲ್ಲಿ ಕೂರುವ ಗೆಳತಿ ರುಕ್ಸಾನಾ ಮಾತ್ರ ಪಾಟಿಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದಳು. ಹತ್ತಿರ ಹೋಗಿ ಕೂತೆ.

“ಯಾರಿಗೂ ಹೇಳಬ್ಯಾಡ ಅಂದಾಳ್ರಿ,” ಎಂದು ಬಿಕ್ಕಿದಳು.

“ನಾ ಬೈಯಂಗಿಲ್ಲ ಬಾ. ಹೇಳು.”

“ಕದರಮಂಡಲಗಿಗೆ ಹೋಗ್ಯಾಳ್ರಿ. ಹನುಮಪ್ಪಗ ಚಾಡಿ ಹೇಳಾಕ.”

“ಯಾರ ಮ್ಯಾಲ ಚಾಡಿ?”

“ಅವರವ್ವನ ಮ್ಯಾಲ್ರಿ. ಅವರವ್ವ ಬಡವರಿಗೆ ಹಿಟ್ಟು ಕೊಡ್ತಾಳಲ್ರಿ, ಒಳ್ಳೇಕಿ ಅಂತ ದೇವರು ಕರಕೊಂತಾನಲ್ರಿ. ಅದಕ್ಕ ಆಕಿ ಕೆಟ್ಟಾಕಿ ಅಂತ ಹೇಳಬೇಕು. ಮಗಳು ಕೆಟ್ಟಾಕಿ ಆದ್ರ ಅವ್ವನೂ ಕೆಟ್ಟಾಕಿ ಅಂತ ದೇವರು ತಿಳಕೊಂತಾನಂತ್ರಿ. ಹನುಮಪ್ಪಗ ಶಿಲ್ಪಾ ಹೇಳ್ತಾಳ, ಅಲ್ಲಾಗ ನಾ ಹೇಳೂದು. ನಾ ಆಗಲೇ ಹೇಳೇನ್ರಿ, ಗಿರಿಜಾ ಕಾಕು ಚಲೋ ಇಲ್ಲಂತ.”

ಮುರಿದ ಬಳಪ, ಚೆಲ್ಲಿದ ಹಿಟ್ಟು, ಅಜ್ಜಿಯ ಮುಖಕ್ಕೆ ಹಾಕಿದ ಬಾಗಿಲು, ಎಲ್ಲದಕ್ಕೂ ನನ್ನ ಒಂದು ಮಾತು ಕಾರಣವಾಗಿತ್ತು. ಮಗು ತಾಯಿಯನ್ನು ಉಳಿಸಿಕೊಳ್ಳಲು ದಿನಗಟ್ಟಲೆ ಹೆಣಗುತ್ತಿತ್ತು. ನಾನು ಅದಕ್ಕೆ ಹೊಟ್ಟೆಕಿಚ್ಚು ಎಂದು ಹೆಸರಿಟ್ಟಿದ್ದೆ.

ಮಲ್ಲೇಶಪ್ಪನ ಬೈಕಿನ ಹಿಂದೆ ಕೂತು, ಹನುಮಪ್ಪನ ದೊಡ್ಡ ಗುಡಿಯಿರುವ ಕದರಮಂಡಲಗಿಗೆ ಹೊರಟೆ. ಏಳೆಂಟು ಕಿಲೋಮೀಟರ್ ಹಾದಿ. ಎದುರಿಗೆ ಮೆಣಸಿನಕಾಯಿ ಚೀಲ ಹೇರಿಕೊಂಡ ಟ್ರ್ಯಾಕ್ಟರುಗಳು ಸಾಲುಗಟ್ಟಿ ಬರುತ್ತಿದ್ದವು. ಪ್ರತಿ ಟ್ರ್ಯಾಕ್ಟರ್ ದಾಟಿದಾಗಲೂ ನಾನು ರಸ್ತೆಯ ಅಂಚನ್ನು ನೋಡುತ್ತಿದ್ದೆ. ನಡೆದೇ ಹೋಗಿದ್ದರೆ? ದಾರಿಯಲ್ಲಿ ಎಲ್ಲಾದರೂ ಕೂತಿದ್ದರೆ? ಮಲ್ಲೇಶಪ್ಪನಿಗೆ ರುಕ್ಸಾನಾ ಹೇಳಿದ್ದನ್ನೆಲ್ಲ ಹೇಳಿದೆ. ನನ್ನ ಮಾತಿನಿಂದಲೇ ಹೀಗಾಯಿತೆಂದೂ ಹೇಳಿದೆ. ಗಾಳಿಯ ಸದ್ದಿನಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ.

ಗುಡಿಯ ಮುಂದೆ ಶನಿವಾರದ ಜನ. ಚಪ್ಪಲಿ ಬಿಟ್ಟವರೇ ಒಳಗೆ ನುಗ್ಗಿದೆವು. ದರ್ಶನದ ಸಾಲಿನ ಪಕ್ಕ, ಕಂಬಿ ಹಿಡಿದುಕೊಂಡು, ಬೂದಿ ಬಣ್ಣದ ಸ್ಕೂಲ್‌ಬ್ಯಾಗ್ ಬೆನ್ನಿಗೆ ಹಾಕಿಕೊಂಡು ಅವಳು ನಿಂತಿದ್ದಳು. ಓಡಲಿದ್ದ ಮಲ್ಲೇಶಪ್ಪನ ತೋಳು ಹಿಡಿದು ನಿಲ್ಲಿಸಿದೆ. ಗಂಟೆಯ ಸದ್ದಿನ ನಡುವೆ ಅವಳು ದನಿಯೆತ್ತಿ ಮಾತಾಡುತ್ತಿದ್ದಳು.

“...ನನಗ ಹೊಡೀತಾಳ. ಸುಳ್ಳು ಹೇಳ್ತಾಳ. ಬಡವರಿಗೆ ಏನೂ ಕೊಡಂಗಿಲ್ಲ, ಅಜ್ಜಿ ಬಂದ್ರ ಬಾಗಲಾ ಹಾಕ್ತಾಳ. ಆಕಿ ಚಲೋ ಇಲ್ಲ ಹನುಮಪ್ಪ, ಆಕೀನ್ನ ಕರೀಬ್ಯಾಡ. ನಿನ್ನ ಕಡೆ ಫಕ್ಕೀರವ್ವಾಯಿ ಅದಾಳಲ್ಲ, ಸಾಕು.”

ಮಲ್ಲೇಶಪ್ಪ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತ. ಬೈಕಿನ ಮೇಲೆ ನಾನು ಹೇಳಿದ್ದು ಅವನಿಗೆ ಆಗ ಅರ್ಥವಾಗಿರಬೇಕು. ಭುಜದ ಮೇಲಿನ ಟಾವೆಲ್ ಬಾಯಿಗೆ ಒತ್ತಿಕೊಂಡು ಅತ್ತ. ಶಿಲ್ಪಾ ತಿರುಗಿ ನೋಡಿ, ಅಪ್ಪನನ್ನು ಕಂಡು, ಹೊಡೆತ ಬೀಳುತ್ತದೆಂದು ಎರಡು ಕೈ ತಲೆಯ ಮೇಲಿಟ್ಟುಕೊಂಡಳು. ಅವನು ಅವಳನ್ನು ಎಳೆದು ಎದೆಗವಚಿಕೊಂಡ.

ಗುಡಿಯ ಹೊರಗೆ ಒಂದು ಕಾಯಿ ಕರ್ಪೂರದ ಅಂಗಡಿ. ಅಲ್ಲಿ ಕೂತಿದ್ದ ಮುದುಕಿ ನಮ್ಮನ್ನು ಕಂಡವಳೇ, “ಬಂದ್ರೇನವಾ ಈ ಕೂಸಿನ ಕಡೆಯವರು? ಟಂಟಂ ಗಾಡ್ಯಾಗ ಮಂದಿ ಜೋಡಿ ಬಂದು ಇಳೀತು. ಯಾರ ಜೋಡಿ ಬಂದೀ ಅಂದ್ರ ಹೇಳವಲ್ದು. ಬಾಳಿಹಣ್ಣು ಕೊಟ್ಟರ ಒಲ್ಲೆ ಅಂತು. ನಾ ಇಲ್ಲಿಂದನ ಕಣ್ಣಿಟ್ಟಿದ್ದೆ,” ಎಂದಳು. ಆ ಮಾತಿನಿಂದ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ನಾವೆಲ್ಲ ಅವಳನ್ನು ಕೆರೆಯ ದಂಡೆಯಲ್ಲಿ ಕಲ್ಪಿಸಿಕೊಳ್ಳುತ್ತಿದ್ದಾಗ ಯಾರೋ ಒಬ್ಬಳು ಅವಳನ್ನು ಕಾಯುತ್ತಿದ್ದಳು.

ಅಂಗಡಿಯ ಕಟ್ಟೆಯ ಮೇಲೆ ಶಿಲ್ಪಾಳನ್ನು ಕೂರಿಸಿಕೊಂಡೆ.

“ಶಿಲ್ಪಾ, ಒಳ್ಳೆಯವರನ್ನ ದೇವರು ಲಗೂನ ಕರಕೊಂತಾನ ಅಂದಿದ್ದೆನಲ್ಲ, ಅದನ್ನ ನಾ ತಪ್ಪು ಹೇಳಿದೆ.”

“ಮತ್ತ ಯಾರನ್ನ ಕರಕೊಂತಾನ್ರಿ?”

“ನನಗ ಗೊತ್ತಿಲ್ಲ.”

ಅವಳು ನನ್ನ ಮುಖವನ್ನೇ ನೋಡಿದಳು. “ನೀವು ಅಕ್ಕೋರಲ್ರಿ?”

“ಅಕ್ಕೋರಾದ್ರೂ ಗೊತ್ತಿಲ್ಲ.”

“ಒಳ್ಳೇವರಾಗಿ ಭಾಳ ದಿನ ಇದ್ದೋರು ಯಾರರ ಅದಾರೇನ್ರಿ?”

ಏಳು ವರ್ಷದವಳು ನನ್ನಿಂದ ಪುರಾವೆ ಕೇಳುತ್ತಿದ್ದಳು. ಬಾಯಿಮಾತಿಗೆ ಇನ್ನು ಅವಳಲ್ಲಿ ಬೆಲೆ ಇರಲಿಲ್ಲ. ಅಷ್ಟರಲ್ಲಿ ಅಂಗಡಿಯ ಮುದುಕಿ ಮುಂದೆ ಕೂತ ಬಡವರ ಸಾಲಿಗೆ ಒಂದೊಂದೇ ಬಾಳೆಹಣ್ಣು, ಒಡೆದ ಕಾಯಿಯ ಹೋಳು ಹಂಚಿ ಸೊಂಟ ಹಿಡಿದುಕೊಂಡು ವಾಪಸ್ ಬಂದಳು. ಶಿಲ್ಪಾ ಅದನ್ನು ನೋಡುತ್ತಿದ್ದಳು.

“ಅಜ್ಜಿ, ನಿನಗ ಎಷ್ಟು ವರ್ಷ?”

“ಎಂಬತ್ತು ದಾಟ್ಯಾವ. ಎಣಿಸಿದವರು ಯಾರು?”

“ನೀ ಒಳ್ಳೇಕ್ಯೇನು?”

ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. “ಅದನ್ನ ನನ್ನ ಸೊಸೀನ್ನ ಕೇಳು!”

ಒಳಗಿನಿಂದ ಕಾಯಿಯ ಚೀಲ ಹೊತ್ತು ತಂದ ಸೊಸೆ, “ಬೈಗಳದಾಗ ಬಿಟ್ಟರ ಉಳಿದಿದ್ದರಾಗ ಒಳ್ಳೇಕೀನ. ತನಗಿಲ್ಲಂದ್ರೂ ಮಂದಿಗೆ ಹಾಕ್ತಾಳ,” ಎಂದಳು.

“ಮಂದಿಗೆ ಯಾಕ ಕೊಡ್ತಿ ಅಜ್ಜಿ?”

“ಹಸದಿರ್ತಾರಲ್ಲ, ನನ್ನವ್ವ. ಮತ್ತ್ಯಾಕ ಕೊಡ್ತಾರ?”

ಶಿಲ್ಪಾ ಕಟ್ಟೆಯಿಂದ ಜಿಗಿದು, “ಅಕ್ಕೋರ, ಹಂಗಾದ್ರ ನಾ ಹನುಮಪ್ಪಗ ಸುಳ್ಳು ಹೇಳಿದಂಗಾತಲ್ರಿ,” ಎಂದಳು. ಅಪ್ಪನ ಕೈಹಿಡಿದು ಮತ್ತೆ ಒಳಗೆ ಹೋಗಿ, ಎಲ್ಲವನ್ನೂ ಒಪ್ಪಿಸಿ ಬಂದಳು. ಈ ಸಲ ಏನು ಹೇಳಿದಳೆಂದು ನಾನು ಕೇಳಲಿಲ್ಲ.

ಬೈಕ್ ಹತ್ತಬೇಕೆನ್ನುವಾಗ ಮಲ್ಲೇಶಪ್ಪನ ಮೊಬೈಲ್ ರಿಂಗಾಯಿತು. ಪಕ್ಕದ ಮನೆಯವರು. ಮಗಳು ಕಾಣೆಯಾದ ಸುದ್ದಿ ಗಿರಿಜವ್ವನ ಕಿವಿಗೆ ಬಿದ್ದಿತ್ತು. ತಲೆ ಸಿಡಿಯುತ್ತದೆ, ಕಣ್ಣು ಮಂಜಾಗುತ್ತದೆ ಎಂದವಳನ್ನು ಜೀಪಿನಲ್ಲಿ ಹಾವೇರಿಗೆ ಕರೆದೊಯ್ಯುತ್ತಿದ್ದರು. ನಾವು ಬ್ಯಾಡಗಿಯವರೆಗೆ ಮೂವರೂ ಬಂದೆವು. ಅಲ್ಲಿಂದ ಅವನು ಬೈಕಿನಲ್ಲೇ ಮುಂದೆ ಹೋದ. ಶಿಲ್ಪಾಳನ್ನು ಕರೆದುಕೊಂಡು ನಾನು ಹಾವೇರಿ ಬಸ್ಸು ಹತ್ತಿದೆ.

ಬಸ್ಸು ಊರು ದಾಟಿದ ಮೇಲೆ ಅವಳು ಬಾಯಿಬಿಟ್ಟಳು. “ಅಕ್ಕೋರ, ಅವ್ವ ಚಲೋ ಅದಾಳ ಅಂತ ಈಗ ಹೇಳಿ ಬಂದ್ನೆಲ್ರಿ. ಅದಕ್ಕ ಕರಿಯಾಕತ್ತಾನೇನ್ರಿ?”

ನನ್ನ ಇಡೀ ಸರ್ವಿಸಿನಲ್ಲಿ ಅದಕ್ಕಿಂತ ಕಠಿಣವಾದ ಪ್ರಶ್ನೆಯನ್ನು ಯಾವ ಇನ್‌ಸ್ಪೆಕ್ಟರರೂ ಕೇಳಿಲ್ಲ. ‘ನಿಮ್ಮವ್ವಗ ಏನೂ ಆಗಂಗಿಲ್ಲ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

“ಇಲ್ಲ. ನಿಮ್ಮವ್ವಗ ಹದಿನೈದು ದಿನದಿಂದ ಬಿ.ಪಿ. ಐತಿ, ಕಾಲು ಬಾತಾವ. ಅದು ನೀ ಏನು ಹೇಳಿದ್ರೂ ಬರ್ತಿತ್ತು, ಹೇಳದಿದ್ರೂ ಬರ್ತಿತ್ತು. ಇದು ನನಗ ಗೊತ್ತೈತಿ.”

“ಖರೇ?”

“ಖರೇ.”

“ಅವ್ವ ಸಾಯಂಗಿಲ್ಲಲ್ರಿ?”

“ಅದು ಗೊತ್ತಿಲ್ಲ ಶಿಲ್ಪಾ. ಡಾಕ್ಟರು ನೋಡಾಕತ್ತಾರ. ಅದಕ್ಕಂತನ ಅವರು ಕಲ್ತಾರ. ನಾವು ಹೋಗಿ ಅಲ್ಲೇ ಕುಂದ್ರೂಣು.”

ಅವಳು ಅಳಲಿಲ್ಲ. ನನ್ನ ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡು ಕಿಟಕಿಯ ಕಡೆ ನೋಡುತ್ತ ಕೂತಳು. ಗೊತ್ತಿಲ್ಲವೆಂದಿದ್ದಕ್ಕೆ ಅವಳು ಹೆದರಿಕೊಳ್ಳುವಳೆಂದು ನಾನು ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಬಿಗಿಹಿಡಿದಿದ್ದ ಭುಜ ಸಡಿಲವಾಗಿ, ಸ್ವಲ್ಪ ಹೊತ್ತಿಗೆ ನನಗೆ ಒರಗಿದಳು.

ಆಸ್ಪತ್ರೆಯಲ್ಲಿ ಗಿರಿಜವ್ವನನ್ನು ಆಗಲೇ ಆಪರೇಷನ್ ಥಿಯೇಟರಿಗೆ ಒಯ್ದಿದ್ದರು. ಬಿ.ಪಿ. 170/110 ಇತ್ತಂತೆ. ಇದಕ್ಕೆ ಪ್ರಿ-ಎಕ್ಲಾಂಪ್ಸಿಯಾ ಎನ್ನುತ್ತಾರೆ, ಬಸಿರಿನಲ್ಲಿ ರಕ್ತದೊತ್ತಡ ಏರಿ ಫಿಟ್ಸ್ ಬರುವ ಅಪಾಯವಿರುತ್ತದೆ, ಸಿಜೇರಿಯನ್ ಮಾಡಿ ಕೂಸನ್ನು ಹೊರಗೆ ತೆಗೆಯುವುದೇ ದಾರಿ ಎಂದು ಡಾಕ್ಟರು ಮಲ್ಲೇಶಪ್ಪನಿಗೆ ವಿವರಿಸಿ ಸಹಿ ಹಾಕಿಸಿಕೊಂಡಿದ್ದರು. ಕಾರಿಡಾರಿನ ಬೆಂಚಿನ ಮೇಲೆ ನಾವು ಮೂವರೂ ಕೂತೆವು. ನಾನು ದೇವರನ್ನು ಬೇಡಿಕೊಂಡೆನೇ ಎಂದು ಆಮೇಲೆ ಒಬ್ಬರು ಕೇಳಿದ್ದರು. ಬೇಡಿಕೊಂಡೆ. ಆದರೆ ಏನೆಂದು ಬೇಡಬೇಕೆಂದೇ ತಿಳಿಯದೆ, ‘ನನ್ನ ಮಾತು ನಿಜ ಮಾಡಬೇಡ’ ಎಂದಷ್ಟೇ ಅಂದುಕೊಳ್ಳುತ್ತಿದ್ದೆ.

ಮಧ್ಯಾಹ್ನ ಮೂರು ಗಂಟೆಗೆ ನರ್ಸ್ ಬಾಗಿಲು ತೆರೆದಳು. “ಗಿರಿಜವ್ವನ ಕಡೆಯವರು ಯಾರ್ರಿ? ಹೆಣ್ಣು ಕೂಸು. ಎರಡು ಕಿಲೋ ನೂರು ಗ್ರಾಂ. ತಾಯಿನೂ ಆರಾಮ ಅದಾಳ.”

ಮಲ್ಲೇಶಪ್ಪ ಎದ್ದು ನಿಂತು, ಮತ್ತೆ ಕೂತು, ಮತ್ತೆ ಎದ್ದ. ನಾನು ಗೋಡೆಗೆ ಒರಗಿ, ಬೆಳಗಿನಿಂದ ತಡೆದಿದ್ದ ಕಣ್ಣೀರನ್ನು ಹರಿಯಲು ಬಿಟ್ಟೆ. ಅಂಥ ಸುಖದ ಅಳು ನಾನು ಜೀವನದಲ್ಲಿ ಎರಡು ಮೂರು ಸಲ ಅತ್ತಿರಬಹುದು.

ಸಂಜೆ ಗಿರಿಜವ್ವನಿಗೆ ಪೂರ್ತಿ ಎಚ್ಚರವಾದ ಮೇಲೆ ಐದು ನಿಮಿಷ ಒಳಗೆ ಬಿಟ್ಟರು. ಅವಳು ಮಗಳ ತಲೆಯ ಮೇಲೆ ಕೈಯಿಟ್ಟು, “ಎಲ್ಲಿ ಹೋಗಿದ್ದೆವಾ?” ಎಂದಳು. ದನಿಯೇ ಇರಲಿಲ್ಲ.

ಶಿಲ್ಪಾ ತಾಯಿಯ ಕಿವಿಯ ಹತ್ತಿರ ಬಗ್ಗಿದಳು. ಅವಳ ಗುಟ್ಟು ವಾರ್ಡಿನ ಅರ್ಧ ಜನಕ್ಕೆ ಕೇಳಿಸಿತು.

“ನೀ ಚಲೋ ಅದಿ ಅಂತ ಹನುಮಪ್ಪಗ ಖರೇನ ಹೇಳಿ ಬಂದೇನಬೇ. ಆದ್ರೂ ಬಿಟ್ಟಾನ!”

ಏನೂ ಗೊತ್ತಿಲ್ಲದ ಗಿರಿಜವ್ವ ಗಂಡನ ಮುಖ ನೋಡಿದಳು. ಅವನು ನಗುತ್ತಿದ್ದ, ಅಳುತ್ತಲೂ ಇದ್ದ. “ಅಕ್ಕೋರ ಒಂದು ಮಾತಿಗೆ ಇಷ್ಟೆಲ್ಲ ಆತು,” ಎಂದು ನನ್ನ ಕಡೆ ತಿರುಗಿದ. “ಆದ್ರ ಅಕ್ಕೋರ, ನೀವು ತಪ್ಪಾತು ಅಂತ ಆ ಕೂಸಿನ ಮುಂದ ಹೇಳಿದ್ರಲ್ಲ, ಅದು ದೊಡ್ಡದ್ರಿ,” ಎಂದ. ಅಷ್ಟೇ. ಮತ್ತೆ ಎಂದೂ ಆ ಮಾತು ಎತ್ತಲಿಲ್ಲ.

ಸೋಮವಾರ ನಾನು ಬೋರ್ಡಿನ ಮೇಲೆ ಏನನ್ನೂ ಬರೆಯದೆ ಮಕ್ಕಳ ನಡುವೆ ನೆಲದ ಮೇಲೆ ಕೂತೆ. ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ಳುತ್ತಾನೆ ಎಂದದ್ದು ತಪ್ಪು, ಒಳ್ಳೆಯವರೂ ಬಹಳ ದಿನ ಬದುಕುತ್ತಾರೆ, ಫಕ್ಕೀರವ್ವಾಯಿ ಸತ್ತದ್ದು ಎದೆಯ ರೋಗದಿಂದ, ಸತ್ತವರು ಎಲ್ಲಿಗೆ ಹೋಗುತ್ತಾರೆಂಬುದು ನನಗೆ ಗೊತ್ತಿಲ್ಲ ಎಂದು ಒಂದೊಂದಾಗಿ ಹೇಳಿದೆ. ಬಡವರಿಗೆ ಯಾಕೆ ಕೊಡಬೇಕೆಂದು ಒಬ್ಬ ಕೇಳಿದಾಗ ಶಿಲ್ಪಾಳೇ, “ಹಸದಿರ್ತಾರ, ಅದಕ್ಕ,” ಎಂದಳು. ರುಕ್ಸಾನಾ ಕೈಯೆತ್ತಿ, ತಾನು ಅಲ್ಲಾನ ಮುಂದೆ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಬಹುದೇ ಎಂದು ವಿಚಾರಿಸಿದಳು. ಬೇಕಾದರೆ ಈಗಲೇ ತೆಗೆದುಕೋ ಎಂದೆ. ಅವಳು ಕಣ್ಣುಮುಚ್ಚಿ ತುಟಿಯಲ್ಲೇ ಏನೋ ಹೇಳಿಕೊಂಡಳು.

ಮಕ್ಕಳ ಮುಂದೆ ಮರ್ಯಾದೆ ಕಳೆದುಕೊಳ್ಳುತ್ತೇನೆಂಬ ಅಂಜಿಕೆ ನನಗಿತ್ತು. ಆದರೆ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ತಮಗೆ ತೋಚಿದ್ದನ್ನು ಹೇಳತೊಡಗಿದವು. ಸತ್ತವರು ನಿದ್ದೆ ಮಾಡುತ್ತಾರೆ ಎಂದಿತು ಒಂದು. ಮತ್ತೆ ಕೂಸಾಗಿ ಬರುತ್ತಾರೆ ಎಂದಿತು ಇನ್ನೊಂದು. ಮೊದಲ ಸಾಲಿನ ಒಂದು ಪುಟ್ಟ ಹುಡುಗಿ ಮಾತ್ರ ನನ್ನನ್ನೇ ಕನಿಕರದಿಂದ ನೋಡುತ್ತಿತ್ತು. ಹತ್ತಿರ ಬಂದು ನನ್ನ ತೊಡೆಯ ಮೇಲೆ ಕೈಯಿಟ್ಟು, “ಇರ್ಲಿ ಬಿಡ್ರಿ ಅಕ್ಕೋರ. ದೊಡ್ಡವರಾದ ಮ್ಯಾಲ ಎಲ್ಲಾ ಗೊತ್ತಾಗತೈತಂತ, ನಮ್ಮಪ್ಪ ಹೇಳ್ತಾನ,” ಎಂದು ಸಮಾಧಾನ ಮಾಡಿತು.

ಆಮೇಲೆ ನಾನು ದೊಡ್ಡವಳೂ ಆದೆ, ನಿವೃತ್ತಳೂ ಆದೆ. ಇನ್ನೂ ಗೊತ್ತಾಗಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ಮಕ್ಕಳ ಮುಂದೆ ಹೇಳುವುದನ್ನು ಮಾತ್ರ ಆ ಸೋಮವಾರವೇ ಬಿಟ್ಟೆ. ವೃತ್ತಿ ನನಗೆ ಕಲಿಸಿದ್ದರಲ್ಲಿ ಅತಿ ತಡವಾಗಿ ಕಲಿತದ್ದೂ ಅದೇ, ಉಳಿದ ವರ್ಷಗಳಲ್ಲಿ ದಿನಾ ಉಪಯೋಗಕ್ಕೆ ಬಂದದ್ದೂ ಅದೇ.